ಪೊಟ್ಟಣದ ಬೆನ್ನ ಮೇಲಿನ ಬರಹ ಯಾರಿಗಾಗಿ?

(ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನನ್ನು ಇಲ್ಲಿಗೆ ಕರೆದವರು 'ಕನ್ನಡದ ಬಗ್ಗೆ ನಾಲ್ಕು ಮಾತಾಡಿ' ಅಂದರು. ಕೈಯಲ್ಲಿ ಕವನ ಸಂಕಲನವನ್ನೋ ಹಳೆಯ ಶಾಸನದ ಪ್ರತಿಯನ್ನೋ ಹಿಡಿದು ಬರುತ್ತೇನೆ ಎಂದುಕೊಂಡಿದ್ದಿರೇನೋ. ನಾನು ತಂದಿರುವುದು ಇದು. ಬಸ್ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಕೊಂಡ ಆಲೂಗಡ್ಡೆ ಚಿಪ್ಸಿನ ಪೊಟ್ಟಣ. ಮಸಾಲೆ ಹಚ್ಚಿದ್ದು. ನಗಬೇಡಿ! ಈ ಸಭೆಯಲ್ಲಿ ಇದನ್ನು ತಿನ್ನದವರು ಒಬ್ಬರಾದರೂ ಇದ್ದರೆ ಕೈ ಎತ್ತಿ... ಯಾರೂ ಇಲ್ಲ. ಸರಿ. ಇದರ ಬೆನ್ನ ಮೇಲಿರುವ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿದವರು ಎಷ್ಟು ಜನ? ಈಗಲೂ ಕೈಗಳು ಕಾಣುತ್ತಿಲ್ಲ!

ನಾನೂ ಓದಿರಲಿಲ್ಲ. ಓದುವಂತೆ ಮಾಡಿದ್ದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ.

ನನ್ನ ಅಕ್ಕನ ಮಗನಿಗೆ ಹಾಲು ಆಗುವುದಿಲ್ಲ. ಅಲರ್ಜಿ. ಹಾಲು, ಮೊಸರು, ಪೇಡ, ಯಾವುದನ್ನೂ ಕೊಡಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆಗ ಅವನಿಗೆ ಆರು ವರ್ಷ. ಒಂದು ಸಂಜೆ ಹಟ ಹಿಡಿದ. ಅಮ್ಮ ಬೀದಿ ತುದಿಯ ಅಂಗಡಿಗೆ ಕರೆದುಕೊಂಡು ಹೋಗಿ ಟೊಮೇಟೊ ರುಚಿಯ ಚಿಪ್ಸ್ ಕೊಡಿಸಿದರು. ಟೊಮೇಟೊ ಚಿಪ್ಸಿನಲ್ಲಿ ಹಾಲೆಲ್ಲಿಂದ ಬರಬೇಕು? ಅರ್ಧ ಗಂಟೆಯಲ್ಲಿ ಹುಡುಗನ ತುಟಿ ಊದಿತು, ಮೈಯೆಲ್ಲ ದದ್ದು, ಉಸಿರು ಸುಯ್ಗುಟ್ಟತೊಡಗಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಬದುಕಿಕೊಂಡ. ಡಾಕ್ಟರು ಪೊಟ್ಟಣ ತರಿಸಿ ಹಿಂದುಮುಂದು ತಿರುಗಿಸಿ ನೋಡಿ ಹೇಳಿದರು: 'ಇಲ್ಲೇ ಬರೆದಿದ್ದಾರಲ್ಲಮ್ಮ, ಹಾಲಿನ ಪುಡಿ ಇದೆ ಅಂತ.'

ನಮ್ಮಮ್ಮ ದಿನಾ ಬೆಳಿಗ್ಗೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನವರೆಗೆ ಓದುವವರು. ಅವರಿಗೆ ಓದು ಬರುವುದಿಲ್ಲವೇ? ಬರುತ್ತದೆ. ಆ ಪೊಟ್ಟಣಕ್ಕೆ ಕನ್ನಡ ಬರುತ್ತಿರಲಿಲ್ಲ! ಆವತ್ತು ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು 'ನನ್ನ ಕೈಯಾರೆ ಕೊಟ್ಟುಬಿಟ್ಟೆನಲ್ಲೋ' ಎಂದು ಅತ್ತರು. ಆ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ತಪ್ಪು ಅವರದಾ, ಹೇಳಿ?

ಕಾನೂನು ಏನು ಹೇಳುತ್ತದೆ?

ಕಂಪನಿಯವರು ಕಾನೂನು ಮುರಿದಿದ್ದರೇ? ಇಲ್ಲ ಗೆಳೆಯರೇ, ನೋವಿನ ಸಂಗತಿ ಅದೇ. ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಬೇರೆ ಭಾಷೆಯನ್ನೂ ಜೊತೆಗೆ ಹಾಕಲು ಅಡ್ಡಿಯಿಲ್ಲ. ಹಾಕಿದರೆ ಹಾಕಬಹುದು, ಬಿಟ್ಟರೆ ಕೇಳುವವರಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಇಷ್ಟು ಜನರ ನುಡಿ ಒಂದು ಪೊಟ್ಟಣದ ಬೆನ್ನ ಮೇಲೆ 'ಇಷ್ಟವಿದ್ದರೆ' ಪಟ್ಟಿಯಲ್ಲಿದೆ!

ಫಿನ್ಲೆಂಡ್ ಎಂಬ ದೇಶವಿದೆ. ಅಲ್ಲಿನ ಒಟ್ಟು ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಲ್ಲಿ ಮಾರುವ ಚಿಪ್ಸ್ ಪೊಟ್ಟಣದ ಮೇಲೆ ಫಿನ್ನಿಶ್ ಮತ್ತು ಸ್ವೀಡಿಷ್ ಇರಲೇಬೇಕು. ಸರಕು ಮಾರುವ ಊರಿನ ಜನಕ್ಕೆ ಸುಲಭವಾಗಿ ಅರ್ಥವಾಗುವ ನುಡಿಯಲ್ಲಿ ಆಹಾರದ ವಿವರ ಇರಬೇಕು ಎಂಬುದು ಐರೋಪ್ಯ ಒಕ್ಕೂಟದ 2011ರ ನಿಯಮ. ಅಲ್ಲಿ ಯಾವ ಕಂಪನಿಯೂ ಪೊಟ್ಟಣದಲ್ಲಿ ಜಾಗ ಇಲ್ಲ ಎಂದು ಗೋಳಾಡಿ ಬಾಗಿಲು ಹಾಕಲಿಲ್ಲ.

ನಮ್ಮಲ್ಲೂ ಒಂದು ಹೆಜ್ಜೆ ಮುಂದೆ ಬಂದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರಲ್ಲಿ, ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದಿದೆ. ಅದನ್ನು ಜಾರಿ ಮಾಡಿ ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಒಳ್ಳೆಯದೇ. ಆದರೆ ಒಂದು ಮಾತು ಕೇಳುತ್ತೇನೆ: ಚಿಪ್ಸಿಗೆ 'ಬಳಸುವ ವಿಧಾನ' ಏನಿದೆ? ಹರಿ, ತಿನ್ನು! ನಮಗೆ ಬೇಕಾದದ್ದು ಒಳಗೆ ಏನಿದೆ ಎಂಬ ಪಟ್ಟಿ. ಕೇಳಬೇಕಾದದ್ದು ಅದನ್ನು.

ಕೇಳುವವರಿಗೆ ಮೊದಲು ವಿಷಯ ಗೊತ್ತಿರಬೇಕು. ಅದಕ್ಕೇ ಇವತ್ತು ಈ ಪೊಟ್ಟಣವನ್ನು ನಾವೆಲ್ಲ ಸೇರಿ ಕನ್ನಡದಲ್ಲಿ ಓದೋಣ.

ಮೊದಲ ಸಾಲು: ಗಡ್ಡೆ, ಎಣ್ಣೆ, ಉಪ್ಪು

ಪಟ್ಟಿ ಓದುವುದಕ್ಕೆ ಒಂದು ಬೀಗದ ಕೈ ಇದೆ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು, ಕಡಿಮೆಯದ್ದು ಕೊನೆಗೆ. ನಿಯಮವೇ ಹಾಗೆ. ಆದ್ದರಿಂದ ಮೊದಲು ಆಲೂಗಡ್ಡೆ, ಆಮೇಲೆ ಎಣ್ಣೆ. ಹಸಿ ಗಡ್ಡೆಯಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು. ಕುದಿಯುವ ಎಣ್ಣೆಗೆ ಬಿದ್ದ ತೆಳು ಬಿಲ್ಲೆಯಿಂದ ಆ ನೀರು ಹಬೆಯಾಗಿ ಹಾರುತ್ತದೆ, ಆ ಜಾಗಕ್ಕೆ ಎಣ್ಣೆ ಹೋಗುತ್ತದೆ. ಕರಿದು ಮುಗಿದ ಚಿಪ್ಸಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಎಣ್ಣೆ! 50 ಗ್ರಾಂ ಪೊಟ್ಟಣ ತಿಂದರೆ ಸುಮಾರು 17 ಗ್ರಾಂ ಎಣ್ಣೆ ಹೊಟ್ಟೆಗೆ ಹೋಯಿತು ಅಂತ ಲೆಕ್ಕ. ಈ ಎಣ್ಣೆ ನಮ್ಮಲ್ಲಿ ಬಹಳ ಸಲ ತಾಳೆ ಎಣ್ಣೆ. ಪಟ್ಟಿಯಲ್ಲಿ 'ಪಾಮೋಲಿನ್' ಎಂದಿರುತ್ತದೆ.

ಇಲ್ಲಿಯವರೆಗೆ ಯಾವ ಅಂಕಿಯೂ ಇಲ್ಲ. ಅಂಕಿ ಶುರುವಾಗುವುದು ಮಸಾಲೆ ಪುಡಿಯಲ್ಲಿ.

330, 296, 627, 631, 551... ಇದೇನು ಬಸ್ ನಂಬರೇ?

ಹೌದು, ಒಂದು ರೀತಿಯಲ್ಲಿ ಬಸ್ ನಂಬರೇ. ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ದೇಶಕ್ಕೊಂದು ಹೆಸರಾದರೆ ಗೊಂದಲ ಎಂದು ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 1989ರಲ್ಲಿ ಎಲ್ಲಕ್ಕೂ ಒಂದೊಂದು ಸಂಖ್ಯೆ ಕೊಟ್ಟಿತು. ಅದೇ ಐ.ಎನ್.ಎಸ್. ಸಂಖ್ಯೆ. ನೂರರ ಸಾಲು ಬಣ್ಣಗಳು. ಇನ್ನೂರರದ್ದು ಬಹುಮಟ್ಟಿಗೆ ಕೆಡದಂತೆ ಕಾಯುವವು. ಮುನ್ನೂರರದ್ದು ಹುಳಿಗಳು ಮತ್ತು ಎಣ್ಣೆ ಕಮಟಾಗದಂತೆ ತಡೆಯುವವು. ನಾನೂರರದ್ದು ಮಂದ ಮಾಡುವವು. ಐನೂರರದ್ದು ಸೋಡಾಗಳು ಮತ್ತು ಗಂಟು ತಡೆಯುವವು. ಆರುನೂರರದ್ದು ರುಚಿ ಏರಿಸುವವು.

ಸಂಖ್ಯೆ ಕಂಡ ಕೂಡಲೇ ವಿಷ ಎಂದು ಹೆದರಬೇಡಿ. ನಮ್ಮ ಅಡುಗೆಮನೆಗೇ ಬನ್ನಿ. ನಿಂಬೆಹಣ್ಣಿನ ಹುಳಿ ಸಿಟ್ರಿಕ್ ಆಮ್ಲ, ಅದೇ 330. ಹುಣಸೆಹಣ್ಣಿನ ಹುಳಿ ಟಾರ್ಟಾರಿಕ್ ಆಮ್ಲ, ಅದು 334. ಸೇಬಿನ ಹುಳಿ ಮ್ಯಾಲಿಕ್ ಆಮ್ಲ, 296. ಅರಿಶಿನದ ಹಳದಿ ಕುರ್ಕುಮಿನ್, ಸಾಲಿನ ಮೊದಲನೆಯದೇ ಅದು: 100. ಅಡುಗೆ ಸೋಡಾ 500. ಅಜ್ಜಿ ಹಪ್ಪಳದ ಹಿಟ್ಟಿಗೆ ಹಾಕುತ್ತಿದ್ದ ಹಪ್ಪಳದ ಖಾರವೂ ಅದೇ ಸೋಡಾ ವಂಶದ್ದು. ನಮ್ಮಜ್ಜಿ ಸಂಖ್ಯೆ ತಿಳಿಯದೆಯೇ ಆಹಾರ ವಿಜ್ಞಾನ ನಡೆಸಿದ್ದರು!

ಈಗ ಈ ಪೊಟ್ಟಣ ನೋಡಿ. ಈರುಳ್ಳಿ ಪುಡಿ, ಮೆಣಸಿನಕಾಯಿ ಪುಡಿ, ಧನಿಯ, ಆಮ್‌ಚೂರ್, ಸಕ್ಕರೆ. ಆಮೇಲೆ 'ಮಾಲ್ಟೋಡೆಕ್ಸ್ಟ್ರಿನ್'. ಇದು ಜೋಳದಂಥ ಕಾಳಿನ ಪಿಷ್ಟವನ್ನು ಒಡೆದು ಮಾಡಿದ ಬಿಳಿ ಪುಡಿ. ಹೆಚ್ಚು ಸಿಹಿಯಿಲ್ಲ. ರುಚಿಯ ಪದಾರ್ಥಗಳನ್ನು ಹೊತ್ತುಕೊಂಡು ಬಿಲ್ಲೆಯ ಮೇಲೆ ಹರಡುವ ಕೂಲಿಯಾಳು ಇದು.

ಮುಂದೆ 330, 296. ನಿಂಬೆಯ ಹುಳಿ ನಾಲಿಗೆಗೆ ತಾಕಿದ ಕೂಡಲೇ ಚುರುಕೆನ್ನುತ್ತದೆ, ಬೇಗ ಇಳಿಯುತ್ತದೆ. ಸೇಬಿನ ಹುಳಿ ನಿಧಾನ, ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡೂ ಸೇರಿದರೆ 'ಇನ್ನೊಂದು ತಿನ್ನೋಣ' ಎನಿಸುತ್ತದೆ. ಇವನ್ನು ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ, ಹಣ್ಣು ಹಿಂಡಿ ತೆಗೆಯುವುದಲ್ಲ. ಸಿಟ್ರಿಕ್ ಆಮ್ಲವನ್ನು ಒಂದು ಬಗೆಯ ಬೂಷ್ಟಿಗೆ ಸಕ್ಕರೆ ಪಾಕ ತಿನ್ನಿಸಿ ಪಡೆಯುತ್ತಾರೆ. ವಸ್ತು ಮಾತ್ರ ಅದೇ.

ಆಮೇಲೆ 627 ಮತ್ತು 631. ಇವುಗಳ ಹಿಂದೆ ಒಂದು ಕಥೆಯಿದೆ. 1908ರಲ್ಲಿ ಟೋಕಿಯೋದ ಕಿಕುನೆ ಇಕೆಡ ಎಂಬ ರಸಾಯನ ಪ್ರಾಧ್ಯಾಪಕ, ತಾನು ಕುಡಿಯುವ ಸಾರಿಗೆ ಈ ರುಚಿ ಎಲ್ಲಿಂದ ಬಂತು ಎಂದು ಹುಡುಕಿದ. ಸಾರಿಗೆ ಹಾಕಿದ್ದ ಕಡಲ ಪಾಚಿಯಲ್ಲಿ ಗ್ಲುಟಮೇಟ್ ಸಿಕ್ಕಿತು. ಅದನ್ನು ಸೋಡಿಯಂ ಜೊತೆ ಸೇರಿಸಿದ್ದೇ 621, ನಾವು ಟೇಸ್ಟಿಂಗ್ ಪೌಡರ್ ಎನ್ನುವುದು. 1913ರಲ್ಲಿ ಶಿಂತಾರೊ ಕೊಡಾಮ ಒಣಮೀನಿನಲ್ಲಿ ಇನೋಸಿನೇಟ್ ಕಂಡುಹಿಡಿದ, ಅದು 631. 1957ರಲ್ಲಿ ಅಕಿರ ಕುನಿನಾಕ ಗ್ವಾನಿಲೇಟ್ ರುಚಿಯನ್ನು ಗುರುತಿಸಿದ, ಅಣಬೆಯಲ್ಲಿರುವುದು ಅದೇ. ಅದು 627. ಗ್ಲುಟಮೇಟ್ ಜೊತೆ ಇವೆರಡು ಚಿಟಿಕೆಯಷ್ಟು ಸೇರಿದರೂ ರುಚಿ ಹಲವು ಪಟ್ಟು ಏರುತ್ತದೆ. ಟೊಮೇಟೊ, ಆಲೂಗಡ್ಡೆಗಳಲ್ಲಿ ಗ್ಲುಟಮೇಟ್ ತಾನಾಗಿಯೇ ಇರುತ್ತದೆ. ಆದ್ದರಿಂದ ಪೊಟ್ಟಣದಲ್ಲಿ 621 ಕಾಣದಿದ್ದರೂ ಬರೀ 627, 631 ತಮ್ಮ ಕೆಲಸ ಮಾಡುತ್ತವೆ.

ನೋಡಿ, ಒಬ್ಬ ಪ್ರಾಧ್ಯಾಪಕ ತನ್ನ ಮನೆಯ ಸಾರನ್ನು ವಿಜ್ಞಾನದ ಪ್ರಶ್ನೆ ಮಾಡಿಕೊಂಡ. ಆ ರುಚಿಗೆ ತನ್ನ ಭಾಷೆಯಲ್ಲೇ 'ಉಮಾಮಿ' ಎಂದು ಹೆಸರಿಟ್ಟ. ಇವತ್ತು ಇಂಗ್ಲಿಷಿನವರೂ ಅದನ್ನೇ ಅನ್ನುತ್ತಾರೆ. ನಮ್ಮ ನುಡಿಗೆ ವಿಜ್ಞಾನ ಒಗ್ಗುವುದಿಲ್ಲ ಎನ್ನುವವರು ಇದನ್ನು ಕೇಳಿಸಿಕೊಳ್ಳಲಿ.

551 ಅಂದರೆ ಸಿಲಿಕಾನ್ ಡೈಆಕ್ಸೈಡ್. ಮರಳು ಯಾವ ಪದಾರ್ಥವೋ ಅದೇ, ಬಹಳ ನುಣುಪಾಗಿ ಮಾಡಿದ್ದು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕುತ್ತೀವಲ್ಲ, ಆ ಕೆಲಸ ಇದರದ್ದು. ಪುಡಿ ಗಂಟು ಕಟ್ಟದಂತೆ ಕಾಯುತ್ತದೆ. 160ಸಿ ಅಂದರೆ ಕೆಂಪು ಮೆಣಸಿನಕಾಯಿಯಿಂದ ತೆಗೆದ ಬಣ್ಣ.

319 ಕಂಡರೆ ಕೆಲವರು ಹೌಹಾರುತ್ತಾರೆ. ಇದು ಟಿ.ಬಿ.ಎಚ್.ಕ್ಯು. ಎಣ್ಣೆ ಕಮಟಾಗದಿರಲೆಂದು ಸೇರಿಸುವ, ಪ್ರಯೋಗಶಾಲೆಯಲ್ಲಿ ಮಾಡಿದ ವಸ್ತು. ಬರೀ ಹೆದರುವ ಬದಲು ಲೆಕ್ಕ ಹಾಕೋಣ. ಒಂದು ಕೆಜಿ ಎಣ್ಣೆಗೆ 200 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. 50 ಗ್ರಾಂ ಚಿಪ್ಸಿನಲ್ಲಿ 17 ಗ್ರಾಂ ಎಣ್ಣೆ ಎಂದೆ. ಮಿತಿಯ ತುದಿವರೆಗೆ ಹಾಕಿದ್ದರೂ ಸಿಗುವುದು 3.4 ಮಿಲಿಗ್ರಾಂ. ಒಬ್ಬ ಮನುಷ್ಯ ಜೀವನವಿಡೀ ದಿನವೂ ತಿಂದರೂ ತೊಂದರೆಯಿಲ್ಲ ಎಂದು ಅಂತಾರಾಷ್ಟ್ರೀಯ ತಜ್ಞರ ಸಮಿತಿ ಹೇಳಿರುವುದು ದೇಹದ ತೂಕದ ಪ್ರತಿ ಕೆಜಿಗೆ 0.7 ಮಿಲಿಗ್ರಾಂ. 50 ಕೆಜಿಯ ಹುಡುಗಿಗೆ 35 ಮಿಲಿಗ್ರಾಂ. ಅಂದರೆ ಹತ್ತನೆಯ ಒಂದು ಭಾಗ. ಆದರೆ 15 ಕೆಜಿಯ ಮಗುವಿಗೆ ಆ ಗೆರೆ ಹತ್ತೂವರೆ ಮಿಲಿಗ್ರಾಮಿಗೇ ಬರುತ್ತದೆ, ಅದು ಬಿಸ್ಕತ್ತು, ನೂಡಲ್ಸು ಎಲ್ಲವನ್ನೂ ತಿನ್ನುತ್ತದೆ. ಲೆಕ್ಕ ಗೊತ್ತಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ.

ಕೊನೆಯ ಸಾಲು, 'ಪ್ರಕೃತಿ ಸಮಾನ ಸುವಾಸನೆ ಸೇರಿಸಲಾಗಿದೆ'. ಇಂಗ್ಲಿಷಿನಲ್ಲಿ ಬಹಳ ಚಂದ ಕೇಳಿಸುವ ಮಾತು. ಅರ್ಥ ಇಷ್ಟೆ: ಪ್ರಕೃತಿಯಲ್ಲಿ ಇರುವ ಪರಿಮಳದ ಅಣುವನ್ನೇ ಕಾರ್ಖಾನೆಯಲ್ಲಿ ಕಟ್ಟಿದ್ದೇವೆ. ಅಣು ಒಂದೇ, ಹುಟ್ಟು ಬೇರೆ. ಇಂಥ ಸುವಾಸನೆಗಳು ಯಾವುವು ಎಂದು ಒಂದೊಂದಾಗಿ ಹೆಸರು ಹೇಳಬೇಕಿಲ್ಲ, ವರ್ಗ ಹೇಳಿದರೆ ಸಾಕು ಎಂಬುದು ನಿಯಮ. ಕೃತಕ ಸುವಾಸನೆಯಾದರೆ ಮಾತ್ರ ಹೆಸರು ಹಾಕಬೇಕು. ಹೀಗಾಗಿ ಪೊಟ್ಟಣದ ಮುಂದೆ ದೊಡ್ಡ ಟೊಮೇಟೊ ಚಿತ್ರ ನಗುತ್ತಿದ್ದರೂ, ಹಿಂದಿನ ಪಟ್ಟಿಯಲ್ಲಿ ಟೊಮೇಟೊ ಪುಡಿ ಎಷ್ಟನೇ ಸ್ಥಾನದಲ್ಲಿದೆ ನೋಡಿ.

ಗಾಳಿಮಾತುಗಳ ಅಂಗಡಿ

ಓದಲು ಬಾರದ ಪಟ್ಟಿಯ ಮೇಲೆ ಏನು ಬೆಳೆಯುತ್ತದೆ ಗೊತ್ತೇ? ಗಾಳಿಮಾತು! '631 ಅಂದರೆ ಹಂದಿ ಕೊಬ್ಬು' ಎಂದು ನಿಮ್ಮ ಮೊಬೈಲಿಗೂ ಬಂದಿರಬೇಕು. 631 ಕೊಬ್ಬೇ ಅಲ್ಲ. ಅದನ್ನು ಮೀನು, ಮಾಂಸದಿಂದಲೂ ತೆಗೆಯಬಹುದು, ಪಿಷ್ಟವನ್ನೋ ಸಕ್ಕರೆಯನ್ನೋ ಹುಳಿ ಬರಿಸಿಯೂ ತೆಗೆಯಬಹುದು. ಯಾವುದು ಎಂದು ತಿಳಿಯಲು ನಮ್ಮ ದೇಶದಲ್ಲಿ ಗುರುತಿದೆ. ಹಸಿರು ಚೌಕದೊಳಗೆ ಹಸಿರು ಬೊಟ್ಟು ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಇದೊಂದು ಗುರುತಿಗೆ ಭಾಷೆಯ ಹಂಗಿಲ್ಲ.

'ಬೆಂಕಿ ಹಚ್ಚಿದರೆ ಉರಿಯುತ್ತದೆ, ಆದ್ದರಿಂದ ಪ್ಲಾಸ್ಟಿಕ್' ಎಂಬುದು ಇನ್ನೊಂದು. ಮೂರರಲ್ಲೊಂದು ಪಾಲು ಎಣ್ಣೆ, ಉಳಿದದ್ದು ಒಣ ಪಿಷ್ಟ. ಉರಿಯದೆ ಇನ್ನೇನಾಗಬೇಕು? ದೀಪದ ಬತ್ತಿಯೂ ಎಣ್ಣೆಯಲ್ಲಿ ಅದ್ದಿದರೆ ಉರಿಯುತ್ತದೆ. ನಮ್ಮ ಮನೆಯ ಹಪ್ಪಳವನ್ನೂ ಹಚ್ಚಿ ನೋಡಿ.

'ಬರೀ ಗಾಳಿ ತುಂಬಿ ಮೋಸ' ಅನ್ನುವವರೂ ಇದ್ದಾರೆ. ಅದು ನೈಟ್ರೋಜನ್. ಆಮ್ಲಜನಕ ತಾಕಿದರೆ ಎಣ್ಣೆ ಕಮಟಾಗುತ್ತದೆ, ಅದಕ್ಕೆ. ಬಿಲ್ಲೆಗಳು ಪುಡಿಯಾಗದಿರಲೂ ಅದು ಮೆತ್ತೆ. ಆದರೆ ಕೊಳ್ಳುವಾಗ ಪೊಟ್ಟಣದ ಗಾತ್ರ ನೋಡಬೇಡಿ, ತೂಕ ಓದಿ!

ಹೆದರಬೇಕಾದದ್ದು ಯಾವುದಕ್ಕೆ?

ಸಂಖ್ಯೆಗಳಿಗಿಂತ, ಸಂಖ್ಯೆಯೇ ಇಲ್ಲದವರಿಗೆ. ಮೊದಲನೆಯವನು ಉಪ್ಪು. ಪೊಟ್ಟಣದ ಮೇಲೆ 'ಉಪ್ಪು' ಎಷ್ಟೆಂದು ನೇರ ಇರುವುದಿಲ್ಲ, 'ಸೋಡಿಯಂ' ಎಂದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. 50 ಗ್ರಾಂ ತಿಂದರೆ ಒಂದು ಗ್ರಾಂ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದರಲ್ಲಿ ಒಂದು ಪಾಲು ಹರಟೆ ಹೊಡೆಯುತ್ತಲೇ ಮುಗಿಯಿತು! ಬಿ.ಪಿ. ಇರುವ ನಿಮ್ಮ ಅಪ್ಪನಿಗೆ ಈ ಗುಣಾಕಾರ ಯಾರು ಹೇಳಿಕೊಟ್ಟಿದ್ದಾರೆ?

ಎರಡನೆಯದು ಎಣ್ಣೆ, ಆಗಲೇ ಹೇಳಿದೆ. ಮೂರನೆಯದು ಯಾರೂ ಹಾಕದೆ ತಾನೇ ಹುಟ್ಟುವುದು: ಅಕ್ರಿಲಮೈಡ್. ಗಡ್ಡೆಯ ಸಕ್ಕರೆಯೂ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವೂ 120 ಡಿಗ್ರಿ ಮೀರಿದ ಶಾಖದಲ್ಲಿ ಸೇರಿದಾಗ ಇದು ಹುಟ್ಟುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು ಎಂದು 1994ರಲ್ಲೇ ಪಟ್ಟಿಗೆ ಸೇರಿತ್ತು. ಊಟದಲ್ಲೇ ಇದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಐರೋಪ್ಯ ಒಕ್ಕೂಟ 2017ರಲ್ಲಿ ಚಿಪ್ಸಿಗೆ ಕೆಜಿಗೆ 750 ಮೈಕ್ರೋಗ್ರಾಂ ಎಂಬ ಮಟ್ಟ ಗೊತ್ತುಮಾಡಿತು. ಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಅದರ ಸಕ್ಕರೆ ಏರುತ್ತದೆ, ಕರಿದಾಗ ಕಂದಾಗುತ್ತದೆ, ಅಕ್ರಿಲಮೈಡ್ ಹೆಚ್ಚುತ್ತದೆ. ಮನೆಯಲ್ಲಿ ಕರಿಯುವವರು ಗಡ್ಡೆಯನ್ನು ಹೊರಗಿಡಿ, ಹೆಚ್ಚಿದ ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿ, ಹೊಂಬಣ್ಣಕ್ಕೆ ನಿಲ್ಲಿಸಿ.

ಹಾಗಾದರೆ ನಮ್ಮ ಬೀದಿಯ ಹಾಟ್ ಚಿಪ್ಸ್ ಅಂಗಡಿ ಮೇಲಾ? ಕಣ್ಣೆದುರೇ ಕರಿಯುತ್ತಾರೆ, ಅದು ಚಂದ. ಆದರೆ ಆ ಬಾಣಲೆಯ ಎಣ್ಣೆ ಯಾವ ದಿನದ್ದು? ಕಾದು ಕಾದು ಕೆಟ್ಟ ಎಣ್ಣೆಗೂ ಮಿತಿ ಇದೆ, ಒಟ್ಟು ಪೋಲಾರ್ ಸಂಯುಕ್ತಗಳು ನೂರಕ್ಕೆ 25 ದಾಟಿದರೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಬಣ್ಣದ ಹಾವಳಿ ಎಷ್ಟಿತ್ತೆಂದರೆ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಬೇಕಾಯಿತು. ಅಂಗಡಿಯವರು ಕನ್ನಡಿಗರು ಎಂದು ಕೆಟ್ಟ ಎಣ್ಣೆಗೆ ಮಾಫಿ ಕೊಡುವ ಅಭಿಮಾನ ನಮಗೆ ಬೇಡ. ಪ್ರಶ್ನೆ ಎಲ್ಲರಿಗೂ ಒಂದೇ.

ನಾವೇನು ಮಾಡಬೇಕು?

ಪೊಟ್ಟಣ ಸುಡುವುದು, ಅಂಗಡಿ ಬಾಗಿಲು ಮುಚ್ಚಿಸುವುದು, ಅದರಿಂದ ನನ್ನ ಅಕ್ಕನ ಮಗನಿಗೆ ಏನೂ ಆಗದು. ಮೂರು ಕೆಲಸ ಹೇಳುತ್ತೇನೆ.

ಒಂದು, ಪದ ಕಟ್ಟುವ ಕೆಲಸ. 'ಆಮ್ಲತಾ ನಿಯಂತ್ರಕ', 'ಉತ್ಕರ್ಷಣ ನಿರೋಧಕ' ಎಂದು ಹಾಕಿದರೆ ನಮ್ಮಮ್ಮ ಮತ್ತೆ ಇಂಗ್ಲಿಷೇ ವಾಸಿ ಅಂತಾರೆ! ಗಂಟುತಡೆ, ಕಮಟುತಡೆ, ಹುಳಿ, ರುಚಿ ಏರಿಸುವುದು, ಹಾಲಿನ ಪುಡಿ ಇದೆ. ಹೀಗಿರಲಿ. ಮೈಸೂರಿನಲ್ಲಿ 1950ರಿಂದ ಸಿ.ಎಫ್.ಟಿ.ಆರ್.ಐ. ಇದೆ. ದೇಶಕ್ಕೇ ಆಹಾರ ವಿಜ್ಞಾನ ಹೇಳಿಕೊಡುವ ಸಂಸ್ಥೆ ನಮ್ಮ ನೆಲದಲ್ಲಿದೆ. ನಿಮ್ಮಲ್ಲಿ ರಸಾಯನ ಓದುವವರು ಅಲ್ಲಿನ ತಿಳಿದವರ ಜೊತೆ ಕೂತು ಒಂದು ಪಟ್ಟಿ ಮಾಡಿ.

ಎರಡು, ಕೇಳುವ ಕೆಲಸ. ಅಲರ್ಜಿಯ ಎಚ್ಚರಿಕೆ ಕನ್ನಡದಲ್ಲಿ ಕಡ್ಡಾಯವಾಗಲಿ. ಪಟ್ಟಿ ಪೂರ್ತಿ ಬರುವವರೆಗೆ ಈ ಒಂದು ಸಾಲಾದರೂ ಬರಲಿ. ಕಂಪನಿಗೂ ಪ್ರಾಧಿಕಾರಕ್ಕೂ ಕಾಗದ ಬರೆಯಿರಿ. ಅನುಮಾನ ಬಂದ ತಿನಿಸನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕನ್ನು 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಕೊಳ್ಳುವವರಿಗೇ ಕೊಟ್ಟಿದೆ. ಜಿಲ್ಲೆಗೊಬ್ಬರು ಅಂಕಿತಾಧಿಕಾರಿ ಇದ್ದಾರೆ. ಅವರ ಬಾಗಿಲು ತಟ್ಟಿ.

ಮೂರು, ಇವತ್ತೇ ಸಂಜೆ ಮಾಡುವ ಕೆಲಸ. ಮನೆಗೆ ಹೋಗಿ ಅಡುಗೆಮನೆಯ ಶೆಲ್ಫಿನಲ್ಲಿರುವ ಒಂದು ಪೊಟ್ಟಣ ತೆಗೆದು, ಅಮ್ಮನ ಜೊತೆ, ಅಜ್ಜಿಯ ಜೊತೆ ಕೂತು ಅದರ ಬೆನ್ನನ್ನು ಕನ್ನಡದಲ್ಲಿ ಓದಿ ಹೇಳಿ. ನಿಮಗೆ ಇಂಗ್ಲಿಷ್ ಕಲಿಸಲು ಫೀಸು ಕಟ್ಟಿದವರು ಅವರು. ಆ ಸಾಲ ಇಷ್ಟಾದರೂ ತೀರಲಿ.

ನಮ್ಮಮ್ಮ ಈಗ ಅಂಗಡಿಗೆ ಹೋದರೆ ಪೊಟ್ಟಣ ಹಿಡಿದು ಅಲ್ಲಿರುವ ಹುಡುಗನನ್ನು ಕೇಳುತ್ತಾರೆ: 'ಇದರಲ್ಲಿ ಹಾಲು ಇದೆಯಾ, ಓದಿ ಹೇಳಪ್ಪಾ.' ಒಳ್ಳೆಯ ಹುಡುಗ, ಓದಿ ಹೇಳುತ್ತಾನೆ. ಆದರೆ ಗೆಳೆಯರೇ, ತನ್ನ ಊರಿನಲ್ಲಿ, ತನ್ನ ದುಡ್ಡಿನಲ್ಲಿ, ತನ್ನ ಮೊಮ್ಮಗನಿಗೆ ತಿನಿಸು ಕೊಳ್ಳುವ ಅಕ್ಷರಸ್ಥ ಹೆಂಗಸು ಇನ್ನೊಬ್ಬರ ಕಣ್ಣು ಬೇಡಬೇಕೇ? ಆಕೆ ತಾನೇ ಓದಿ, 'ಇದು ಬೇಡ, ಅದು ಕೊಡು' ಅನ್ನುವ ದಿನ ಬರಲಿ. ಅದನ್ನು ತರುವ ಕೆಲಸ ನಿಮ್ಮದು.

ಪೊಟ್ಟಣ ಒಡೆಯುತ್ತಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಬಿಲ್ಲೆ ಬಂದೀತು. ಯಾರಿಗಾದರೂ ಹಾಲು ಆಗದಿದ್ದರೆ ಮೊದಲೇ ಹೇಳಿ, ಓದಿ ನೋಡಿ ಕೊಡುತ್ತೇನೆ.